ಸೆಲ್ ಇಳದಾವ

ಮೊನ್ನೆ ಉಪ್ಪಿನಕಾಯಿ ಭರಣಿ ತೆಗೆಯಲು ಒಳಖೋಲಿಗೆ ಹೋದೆ. ಒಳಖೋಲಿ ಎಂದರೆ ನಮ್ಮ ಸಂತಪುರದ ಮನೆಯಲ್ಲಿ ಕಿಟಕಿಯೇ ಇಲ್ಲದ ಕೋಣೆ. ಮಟಮಟ ಮಧ್ಯಾಹ್ನವೂ ಅಲ್ಲಿ ಕತ್ತಲೆ. ಕರೆಂಟು ಹೋಗಿತ್ತು. ಗೂಟಕ್ಕೆ ನೇತುಹಾಕಿದ್ದ ಸ್ಟೀಲಿನ ಬ್ಯಾಟರಿ ತೆಗೆದು ಗುಂಡಿ ಒತ್ತಿದೆ. ಬೆಳಕಿಲ್ಲ. ಇನ್ನೊಮ್ಮೆ ಒತ್ತಿದೆ, ಅಂಗೈಗೆ ಬಡಿದೆ, ಬೈದೆ. ಬೈದರೆ ಹತ್ತುವ ಬ್ಯಾಟರಿಗಳನ್ನು ನಾನು ನೋಡಿದ್ದೇನೆ. ಇದು ಹತ್ತಲಿಲ್ಲ. ಅಂಗಳದ ಕಟ್ಟೆಗೆ ತಂದು ಹಿಂದಿನ ಮುಚ್ಚಳ ತಿರುವಿದೆ, ಬಿಳಿ ಉಪ್ಪಿನಂಥ ಪುಡಿ ಸೀರೆಯ ಮೇಲೆ ಉದುರಿತು. ಮೂಗಿಗೆ ತುಕ್ಕಿನ ಹುಳಿ ವಾಸನೆ. ಒಳಗೆ ಎರಡು ದೊಡ್ಡ ಸೆಲ್ಲುಗಳು ಹೊಟ್ಟೆ ಒಡೆದುಕೊಂಡು, ಜಗಳವಾಡಿ ಸುಸ್ತಾದ ಗಂಡಹೆಂಡಿರಂತೆ ಒಂದಕ್ಕೊಂದು ಅಂಟಿಕೊಂಡಿದ್ದವು.

ಅದನ್ನು ನೋಡಿ ನನಗೆ ನಗು ಬಂತು. ಸೊಸೆ ಅಡುಗೆಮನೆಯಿಂದ ಇಣುಕಿದಳು.

“ಒಗೀರಿ ಅತ್ತಿ ಅದನ್ನ. ಮೊಬೈಲ್‌ನಾಗ ಲೈಟ್ ಇರ್ತದಲ್ರಿ. ಒಬ್ಬರೇ ಯಾಕ ನಗ್ಲತ್ತೀರಿ?”

“ನಗೂದಕ್ಕೂ ನಿನ್ನ ಪರವಾನಗಿ ಬೇಕೇನು?”

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಬಂದು ಮೆಲ್ಲಗೆ ಕೇಳಿದಳು: “ಒಂದ್ ಮಾತು ಕೇಳ್ಲೇನ್ರಿ? ಭಾಳ ದಿನಾ ಆಯ್ತು, ನೀವು ಯಾರ ಜೋಡಿನೂ ಜಗಳಾ ತಗದಿಲ್ಲ. ಆರಾಮ ಅದೀರಿಲ್ರಿ?”

ನೋಡಿ, ನನ್ನ ಬಗ್ಗೆ ನನ್ನ ಮನೆಯವರ ಅಭಿಪ್ರಾಯ ಹೀಗಿದೆ. ಬೇರೆ ಮುದುಕಿಯರು ಜಗಳ ತೆಗೆದರೆ ಮನೆಯವರು ಹೆದರುತ್ತಾರೆ. ನಾನು ತೆಗೆಯದಿದ್ದರೆ ಹೆದರುತ್ತಾರೆ. “ನನಗೇನ್ ಕಮ್ಮಿ?” ಎಂದು ಗದರಿಸಿ ಒಳಗೆ ಕಳಿಸಿದೆ. ಜಗಳ ತೆಗೆಯಲು ಎದುರಿಗೆ ಜನ ಬೇಕಲ್ಲ. ಎದುರುಮನೆಯ ಗೌರಾಬಾಯಿ ಮಳೆಗಾಲ ಶುರುವಾಗುವಾಗ ತೀರಿಕೊಂಡಳು. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳ ಬಚ್ಚಲ ನೀರು ನಮ್ಮ ಬಾಗಿಲ ಮುಂದೆ ಹರಿಯುತ್ತಿತ್ತು. ಅದರ ಸಲುವಾಗಿ ನಾವಿಬ್ಬರೂ ದಿನಾ ಬೆಳಿಗ್ಗೆ ಬಾಯಿ ತೊಳೆದ ಕೂಡಲೇ ಕೂಗಾಡುತ್ತಿದ್ದೆವು. ವಯಸ್ಸಾಗಿತ್ತು, ಹೋದಳು. ಅದನ್ನೇ ಹಿಡಿದು ಅಳುತ್ತ ಕೂಡುವ ಹೆಂಗಸು ನಾನಲ್ಲ. ನಾನು ಹೇಳಹೊರಟದ್ದು ಗೌರಾಬಾಯಿಯ ಮಾತಲ್ಲ, ಸೆಲ್ಲಿನ ಮಾತು.

ಈ ಎರಡು ಸೆಲ್ಲುಗಳನ್ನು ನಾನು ಬೀದರಿನಲ್ಲಿ ಕೊಂಡದ್ದು. ಕೊಂಡ ದಿನ ಓದಿದ ಮಕ್ಕಳ ಮುಂದೆ ನನ್ನ ಮರ್ಯಾದೆ ಹರಾಜಾಯಿತು.

ಆಗ ನನ್ನ ಮೊಮ್ಮಗಳು ಪ್ರಜ್ಞಾ ಬೀದರಿನಲ್ಲಿ ಜೀವಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಳು. ಊರಲ್ಲಿ ಯಾರಾದರೂ ಕೇಳಿದರೆ ನಾನು “ಡಾಕ್ಟರ್ ಆಗ್ಲತ್ತಾಳ” ಎಂದು ಹೇಳಿಬಿಡುತ್ತಿದ್ದೆ. ಹೇಳಿದ್ದು ಸುಳ್ಳೇನಲ್ಲ. ಆದರೆ ಅವಳು ರಜೆಗೆ ಬಂದಾಗಲೆಲ್ಲ ಓಣಿಯ ಮುದುಕರು ಮೊಣಕಾಲು ತೋರಿಸಲು ಬಂದು ಕೂಡುತ್ತಿದ್ದರು. ಮೆಸ್ಸಿನ ಊಟದಿಂದ ಹುಡುಗಿಯ ಹೊಟ್ಟೆ ಕೆಟ್ಟಿತೆಂದು ನನ್ನ ಮಗ ಚೌಬಾರದ ಹತ್ತಿರದ ಓಣಿಯಲ್ಲಿ ಮಾಳಿಗೆಯ ಮೇಲೆ ಎರಡು ಖೋಲಿ ಹಿಡಿದು, ರೊಟ್ಟಿ ಬಡಿಯಲು ನನ್ನನ್ನು ಬಸ್ಸು ಹತ್ತಿಸಿದ. ರೊಟ್ಟಿ ಬಡಿಯುವುದು ನನಗೆ ವಹಿಸಿದ ಕೆಲಸ. ಬುದ್ಧಿ ಹೇಳುವುದು ನಾನೇ ಮೈಮೇಲೆ ಎಳೆದುಕೊಂಡ ಕೆಲಸ. ಎರಡನ್ನೂ ಬಿಸಿಬಿಸಿಯಾಗಿ ಬಡಿಸುತ್ತಿದ್ದೆ.

ಅವಳ ಸಂಶೋಧನೆ ಏನೆಂದರೆ ಬೂಷ್ಟು ಬೆಳೆಸುವುದು. ತಮಾಷೆಯಲ್ಲ. ತೊಗರಿ ಗಿಡದ ಬೇರಿಗೆ ತಗುಲಿ ಗಿಡವನ್ನೇ ಒಣಗಿಸುವ ಒಂದು ಬೂಷ್ಟು ಇದೆಯಂತೆ. ಅದನ್ನು ಗಾಜಿನ ತಟ್ಟೆಯಲ್ಲಿಟ್ಟು, ತಿನ್ನಲು ಕೊಟ್ಟು, ಬೆಚ್ಚಗೆ ಕಾಪಾಡಿ ಬೆಳೆಸಬೇಕು. ಆಮೇಲೆ ಅದನ್ನು ಕೊಲ್ಲುವುದು ಹೇಗೆಂದು ಹುಡುಕಬೇಕು. ಜನ್ಮವೆಲ್ಲ ಹಪ್ಪಳಕ್ಕೆ, ಹುಣಸೆಹಣ್ಣಿಗೆ, ಉಪ್ಪಿನಕಾಯಿಗೆ ಬೂಷ್ಟು ಬಾರದಂತೆ ಕಾವಲು ಕಾದವಳು ನಾನು.

“ನಮ್ಮ ಮನ್ಯಾಗ ಕೇಳಿದ್ರ ಪುಕ್ಕಟ ಕೊಡ್ತಿದ್ದೆನಲ್ಲ ಬೇ,” ಎಂದೆ.

“ಆಯಿ, ನಮಗ ಬೇಕಾದ್ದು ಒಂದೇ ಜಾತಿ ಬೂಷ್ಟ. ಬ್ಯಾರೇದು ಬಂದು ಸೇರಿದ್ರ ನಮ್ಮ ಬೂಷ್ಟ ಕೆಟ್ಟು ಹೋಗ್ತದ.”

ಬೂಷ್ಟೂ ಕೆಡುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳಿಗೆ ಇಷ್ಟು ಜ್ಞಾನ ಸಾಕು ಎಂದು ರೊಟ್ಟಿಯ ಕಡೆ ತಿರುಗಿದೆ.

ಇನ್ನು ಬುಧವಾರದ ಮಾತು. ಬುಧವಾರ ಸಂಜೆ ಪ್ರಜ್ಞಾಳ ಡಿಪಾರ್ಟ್‌ಮೆಂಟಿನ ಐದಾರು ಜನ ನಮ್ಮ ಖೋಲಿಗೆ ಬರುತ್ತಿದ್ದರು. ಚಾಪೆ ಹಾಸಿ ದುಂಡಗೆ ಕೂಡುತ್ತಿದ್ದರು. ಒಬ್ಬರು ಮಾತಾಡುವರು, ಉಳಿದವರು ಕೇಳುವರು, ಅಷ್ಟೆ. ಪಾಠವಿಲ್ಲ, ಪರೀಕ್ಷೆಯಿಲ್ಲ, ಹಾಡಿಲ್ಲ, ಇಸ್ಪೀಟೂ ಇಲ್ಲ. ಕೆಲವರು ಅಳುತ್ತಿದ್ದರು. ನಾನು ಅದಕ್ಕೆ “ಅಳೂ ಸಂತಿ” ಎಂದು ಹೆಸರಿಟ್ಟೆ. ಸಂತೆಗೆ ಚಹಾ ಮತ್ತು ಚುರುಮುರಿ ಸುಸಲಾ ನನ್ನ ಕಡೆಯಿಂದ.

ಈ ಸಂತೆ ಶುರುವಾದದ್ದಕ್ಕೆ ಒಂದು ಕಾರಣವಿತ್ತು. ಪ್ರಜ್ಞಾಳ ಪಕ್ಕದ ಟೇಬಲ್ಲಿನಲ್ಲಿ ಔರಾದ ಕಡೆಯ ಒಬ್ಬ ಹುಡುಗ ಕೂಡುತ್ತಿದ್ದ. ಎಲ್ಲರ ಜೊತೆ ನಗುನಗುತ್ತ ಇದ್ದವನು ಒಂದು ದಿನ ಬರಲಿಲ್ಲ. ಮರುದಿನವೂ ಬರಲಿಲ್ಲ. ಅವನ ಊಟದ ಡಬ್ಬಿ ಟೇಬಲ್ಲಿನ ಮೇಲೆಯೇ ಉಳಿಯಿತು. ಎಲ್ಲ ಬಿಟ್ಟು ಊರಿಗೆ ಹೋಗಿದ್ದಾನೆ, ತಿಂಗಳಾನುಗಟ್ಟಲೆ ನಿದ್ದೆಯಿಲ್ಲದೆ ಒದ್ದಾಡಿದ್ದ ಎಂದು ಆಮೇಲೆ ತಿಳಿಯಿತು. ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

“ನಾ ಬಾಜೂಕೇ ಕುಂತಿದ್ದೆ ಆಯಿ,” ಎಂದಳು ಪ್ರಜ್ಞಾ. ಆ ಡಬ್ಬಿಯನ್ನು ಮನೆಗೆ ತಂದು ತಿಕ್ಕಿ ತೊಳೆದು, ಅವನ ಊರಿಗೆ ಹೋಗುವವರ ಕೈಯಲ್ಲಿ ಕಳಿಸಿದಳು. ಆಮೇಲೆ ದೊಡ್ಡ ದವಾಖಾನೆಯಲ್ಲಿ ಮನಸ್ಸಿನ ರೋಗ ನೋಡುವ ಡಾಕ್ಟರಮ್ಮನ ಹತ್ತಿರ ಹೋಗಿ, ಜೊತೆಯವರಿಗೆ ಹೇಗೆ ನೆರವಾಗಬೇಕೆಂದು ಕೇಳಿಕೊಂಡು ಬಂದಳು. ಡಾಕ್ಟರಮ್ಮ ಹೇಳಿದ್ದು ಇಷ್ಟೇ: ಕೇಳು, ಬುದ್ಧಿ ಹೇಳಬೇಡ, ನಿನ್ನ ಕೈ ಮೀರಿದ್ದು ಅನ್ನಿಸಿದರೆ ನನ್ನ ಹತ್ತಿರ ಕರೆದುಕೊಂಡು ಬಾ.

ಬುದ್ಧಿ ಹೇಳಬೇಡ! ಊರಿಗೆಲ್ಲ ಬುದ್ಧಿ ಹೇಳುತ್ತಲೇ ಕೂದಲು ಹಣ್ಣಾದ ಮುದುಕಿಯನ್ನು ಅದೇ ಖೋಲಿಯ ಮೂಲೆಯಲ್ಲಿ ಕೂಡಿಸಿಕೊಂಡು ಈ ಕಾನೂನು.

ನಮ್ಮ ಕಾಲದಲ್ಲಿ ಮನಸ್ಸಿಗೆ ರೋಗ ಬರುತ್ತಿರಲಿಲ್ಲ, ತಲೆ ಮಾತ್ರ ಕೆಡುತ್ತಿತ್ತು. “ಅಕಿಂದು ತಲಿ ಕೆಟ್ಟದ” ಎಂದರೆ ಮುಗಿಯಿತು. ನಾನೂ ಎಷ್ಟೋ ಜನರಿಗೆ ಹಾಗೆ ಅಂದು ಎದ್ದುಬಂದವಳೇ. ಅದು ಬಿಟ್ಟರೆ ನನ್ನ ಹತ್ತಿರ ಇದ್ದ ಔಷಧ ಉಪ್ಪು, ಒಣಮೆಣಸಿನಕಾಯಿ. ನಾವು ಬುದ್ಧವಿಹಾರಕ್ಕೆ ನಡೆದುಕೊಳ್ಳುವ ಮಂದಿ, ದೃಷ್ಟಿ ತೆಗೆಯುವುದೆಲ್ಲ ನಮ್ಮಲ್ಲಿ ಬಿಟ್ಟದ್ದು. ನಾನು ಬಿಟ್ಟಿರಲಿಲ್ಲ, ಬಾಗಿಲ ಹಿಂದೆ ನಿಂತು ತೆಗೆಯುತ್ತಿದ್ದೆ. ವಿಹಾರದಲ್ಲಿ ಭಂತೇಜಿ “ಕಣ್ಣು ಮುಚ್ರಿ, ಸುಮ್ಮ ಕೂಡ್ರಿ, ಉಸಿರು ನೋಡ್ರಿ” ಎನ್ನುವರು. ಕಣ್ಣು ಮುಚ್ಚುವುದು ನನಗೆ ಬರುತ್ತದೆ. ಸುಮ್ಮನೆ ಕೂಡುವುದು ಬರುವುದಿಲ್ಲ. ಒಂದೋ ಪಕ್ಕದವಳ ಕಿವಿಯಲ್ಲಿ ಏನಾದರೂ ಹೇಳುತ್ತೇನೆ, ಇಲ್ಲವೆ ಗೊರಕೆ ಹೊಡೆಯುತ್ತೇನೆ. ಒಮ್ಮೆ ಭಂತೇಜಿಯೇ “ಆಯಿ ಉಸಿರು ನಮಗೆಲ್ಲರಿಗೂ ಕೇಳಸ್ಲತ್ತದ” ಎಂದಿದ್ದರು.

ಬುಧವಾರಗಳಲ್ಲಿ ನನ್ನ ಬಾಯಿ ಕಟ್ಟಲು ಪ್ರಜ್ಞಾ ಒಂದು ಉಪಾಯ ಮಾಡಿದಳು. ಯಾರಾದರೂ ಕಷ್ಟ ಹೇಳುತ್ತಿರುವಾಗ ನಾನು “ಅಲ್ಲವಾ, ನಿನಗೇನ್ ಕಮ್ಮಿ...” ಎಂದು ಬಾಯಿ ತೆರೆದರೆ ಸಾಕು, ಅವಳು ಅಲ್ಲಿಂದಲೇ ಕೂಗುತ್ತಿದ್ದಳು: “ಆಯಿ, ಚಾ ಉಕ್ಕತದ ನೋಡು!” ನಾನು ಎದ್ದು ಓಡುತ್ತಿದ್ದೆ. ಸ್ಟೋವಿನ ಮೇಲೆ ಚಹಾ ಇರುತ್ತಲೇ ಇರಲಿಲ್ಲ. ಮೊದಮೊದಲು ಮುದುಕಿಗೆ ಮರೆವು ಬಂತೆಂದುಕೊಂಡೆ. “ಚಾ ಉಕ್ಕತದ” ಎಂದರೆ “ಬಾಯಿ ಮುಚ್ಚು” ಎಂದು ತಿಳಿಯುವ ಹೊತ್ತಿಗೆ ಬಹಳ ಬುಧವಾರಗಳು ಕಳೆದಿದ್ದವು. ನನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಹೀಗಿರುವಾಗ ಒಂದು ಬುಧವಾರ ಅಶ್ವಿನಿ ಎಲ್ಲರಿಗಿಂತ ಮೊದಲು ಬಂದಳು. ಭಾಲ್ಕಿ ಕಡೆ ಸಾಯಗಾಂವದ ಹುಡುಗಿ, ಗಟ್ಟಿಗಿತ್ತಿ, ಮಾತಿನಲ್ಲಿ ನನಗೇ ಸವಾಲು. ಅವತ್ತು ಚಪ್ಪಲಿ ಬಿಡುತ್ತಲೇ ಹೊಸ್ತಿಲ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಪ್ರಜ್ಞಾ ಮತ್ತು ಉಳಿದವರು ಇನ್ನೂ ಕೆಳಗೆ ಗಾಡಿ ನಿಲ್ಲಿಸುತ್ತಿದ್ದರು. ನನಗೆ ಗಾಬರಿ.

“ಯಾಕ ಬೇ, ಏನಾಯ್ತು? ಯಾರರ ಸತ್ರೇನು?”

“ಸೆಲ್ಸ್ ಸತ್ವು ಆಯಿ,” ಎಂದಳು. “ನನ್ನ ಸೆಲ್ಸ್ ಎಲ್ಲಾ ಸತ್ತು ಹೋದ್ವು ರೀ!”

ನನ್ನ ಎದೆ ಹಗುರಾಯಿತು. ಅಯ್ಯ, ಸೆಲ್ಲೇ! ನಾನು ಮನುಷ್ಯರು ಎಂದುಕೊಂಡಿದ್ದೆ. ನಮ್ಮ ಕಡೆ ಸೆಲ್ ಎಂದರೆ ಬ್ಯಾಟರಿಗೆ, ರೇಡಿಯೋಕ್ಕೆ ಹಾಕುವ ಸೆಲ್ಲು. ಅದು ಸಾಯುವುದೂ ಉಂಟು, ನಾವು ಹಾಗೇ ಅನ್ನುತ್ತೇವೆ. ಹಾಸ್ಟೆಲಿನ ಹುಡುಗಿ, ಕರೆಂಟು ಹೋದಾಗ ಓದಲು ಇಟ್ಟುಕೊಂಡಿರಬೇಕು. ಆದರೂ ಇಷ್ಟು ಕಲಿತವಳು ಎರಡು ಸೆಲ್ಲಿಗೆ ಹೀಗೆ ಅಳುವುದೇ? ಬೈಯೋಣವೆನ್ನಿಸಿತು. ಆದರೆ ಅವತ್ತು ಎಲ್ಲಿಂದಲೋ ಕನಿಕರ ಬಂತು. “ಇಲ್ಲೇ ಕೂಡು, ಅಳಬ್ಯಾಡ, ಈಗ ಬಂದೆ” ಎಂದು ಸೆರಗು ಸಿಕ್ಕಿಸಿಕೊಂಡು, ಮೆಟ್ಟಿಲ ಮೇಲೆ ಎದುರಾದ ಪ್ರಜ್ಞಾಳನ್ನೂ ತಳ್ಳಿಕೊಂಡು, ಮೂಲೆಯ ಕಿರಾಣಿ ಅಂಗಡಿಗೆ ಇಳಿದೆ.

“ಸಣ್ಣ ಸೆಲ್ಲೋ, ದೊಡ್ಡ ಸೆಲ್ಲೋ ಖಾಲಾ?” ಎಂದು ಅಂಗಡಿಯ ಹುಸೇನಸಾಬ್ ಕೇಳಿದ.

ಹುಡುಗಿ ಅತ್ತ ಅಳುವನ್ನು ನೆನೆಸಿಕೊಂಡು “ದೊಡ್ಡವೇ ಕೊಡು” ಎಂದೆ.

ವಾಪಸು ಮಾಳಿಗೆ ಹತ್ತುವ ಹೊತ್ತಿಗೆ ಎಲ್ಲರೂ ದುಂಡಗೆ ಕೂತಿದ್ದರು. ನಡುವೆ ಅಶ್ವಿನಿ, ಮುಖ ಊದಿಕೊಂಡಿತ್ತು. ನಾನು ಎಲ್ಲರನ್ನೂ ದಾಟಿಕೊಂಡು ಹೋಗಿ ಅವಳ ಮಡಿಲಲ್ಲಿ ಎರಡು ಸೆಲ್ಲು ಇಟ್ಟೆ.

“ತಗೋ. ಹೊಸಾವು ಹಾಕು. ಇದಕ್ಕ ಹೀಂಗ ಅಳ್ತಾರೇನು?”

ಪ್ರಜ್ಞಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಮೊದಲು ನಕ್ಕವನು ಭಾತಂಬ್ರಾದ ಬಸವರಾಜ. ಶಂಖದ ಹುಳದ ಮೇಲೆ ಅವನ ಸಂಶೋಧನೆ, ಮನುಷ್ಯ ಮಾತ್ರ ಪಟಾಕಿ. ಅವನು ನಗು ತಡೆಯಲಾರದೆ ಗೋಡೆಗೆ ಹಣೆ ಚಚ್ಚಿಕೊಂಡ. “ಆಯಿ, ಅಕಿಂದು ಬ್ಯಾಟ್ರಿ ಸೆಲ್ ಅಲ್ರಿ! ಜೀವದ ಸೆಲ್ ರೀ, ಜೀವಕೋಶ! ಬಾಟಲ್ಯಾಗ ಸಾಕಿದ್ಳು, ಸತ್ತು ಹೋಗ್ಯಾವ!”

ಜೀವವನ್ನು ಬಾಟಲಿಯಲ್ಲಿ ಸಾಕುತ್ತಾರೆಂದು ನನಗೆ ಯಾರು ಹೇಳಿದ್ದರು? ಸೆಲ್ಲು ವಾಪಸು ತೆಗೆದುಕೊಳ್ಳಲು ಕೈಚಾಚಿದರೆ ಅಶ್ವಿನಿ ಕೊಡಲಿಲ್ಲ. ಆ ಸೆಲ್ಲುಗಳನ್ನೇ ನೋಡುತ್ತಿದ್ದಳು. ಒಮ್ಮೆಲೇ ನಕ್ಕಳು. ನಕ್ಕದ್ದೇ ನಕ್ಕದ್ದು, ಬಿಕ್ಕಳಿಕೆ ಬರುವವರೆಗೆ ನಕ್ಕಳು. ನಗು ಮುಗಿಯುವಲ್ಲಿ ಮತ್ತೆ ಅಳು ಬಂತು. ಆದರೆ ಈ ಅಳು ಬೇರೆ, ಅದರೊಳಗೆ ಮಾತಿತ್ತು. ತಿಂಗಳುಗಟ್ಟಲೆ ಸಾಕಿದ ಜೀವಕೋಶಗಳಿಗೆ ಹೊರಗಿನ ಸೋಂಕು ತಗುಲಿ ಎಲ್ಲ ಹಾಳಾಗಿದ್ದವಂತೆ. ಮೊದಲಿನಿಂದ ಶುರು ಮಾಡಬೇಕಂತೆ. ಅವಳು ಸಾಕಿದ್ದಕ್ಕೇ ಸತ್ತವೇನೋ ಅನ್ನಿಸುತ್ತದಂತೆ.

“ಮನಿಗಿ ಫೋನ್ ಮಾಡಿ ದಿನಾ ಎಲ್ಲಾ ಛಂದ ನಡದದ ಅಂತ ಸುಳ್ಳು ಹೇಳಿ ಹೇಳಿ ಸಾಕಾಗ್ಯಾದ ರೀ,” ಎಂದಳು, ಸೆಲ್ಲುಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿದು.

“ಅಲ್ಲವಾ, ನಿನಗೇನ್...” ಎಂದೆ ನಾನು.

“ಚಾ ಉಕ್ಕತದ ಆಯಿ!” ಎಂದು ಎಲ್ಲರೂ ಒಂದೇ ದನಿಯಲ್ಲಿ ಕೂಗಿದರು. ಅಶ್ವಿನಿಯೂ.

ಅಂದಿನಿಂದ ಆ ಸೆಲ್ಲುಗಳು ನಮ್ಮ ಕಿಟಕಿಯಲ್ಲಿ ಠಿಕಾಣಿ ಹೂಡಿದವು. ಮಾತಾಡುವವರು ಒಂದನ್ನು ಕೈಯಲ್ಲಿ ಹಿಡಿದು ಮಾತಾಡುವುದು, ಹಿಡಿದವರು ಇಡುವವರೆಗೆ ಉಳಿದವರು ಸುಮ್ಮನಿರುವುದು. ಯಾರೂ ಹೀಗೆ ಮಾಡಿ ಎಂದು ಹೇಳಲಿಲ್ಲ, ತಾನಾಗಿ ಬಂತು. ಡಿಪಾರ್ಟ್‌ಮೆಂಟಿನಲ್ಲಿ ಒಂದು ಮಾತೂ ಹುಟ್ಟಿತು. ಮನಸ್ಸು ಸರಿಯಿಲ್ಲ ಎಂದು ನಾಲ್ಕು ಜನರ ನಡುವೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆದರೆ “ಇವತ್ತ ನನ್ನ ಸೆಲ್ ಇಳದಾವ” ಎಂದು ನಗುನಗುತ್ತ ಎಲ್ಲರೂ ಹೇಳಬಲ್ಲರು. ಹೇಳಿದರೆ ಇನ್ನೊಬ್ಬರು ಬಂದು ಪಕ್ಕದಲ್ಲಿ ಕೂಡುವರು. ಬುಧವಾರ ಬರಲಾರೆ ಎಂದು ಹಟ ಹಿಡಿದಿದ್ದ ಇಬ್ಬರು ಆ ಮಾತು ಕೇಳಿಯೇ ಬಂದರಂತೆ.

ನನಗೋ ಜಂಬ. ಔಷಧ ಕಂಡುಹಿಡಿದವಳಂತೆ ಓಣಿಯಲ್ಲಿ ತಿರುಗಿದೆ. ಬಸವರಾಜ “ಸೆಲ್ ಡಾಕ್ಟರ್ ಬಂದ್ರು, ದಾರಿ ಬಿಡ್ರಿ” ಎನ್ನುತ್ತಿದ್ದ. ನನಗೆ ಅದು ಚೇಷ್ಟೆ ಅನ್ನಿಸಲೇ ಇಲ್ಲ. ಕೆಳಗಿನ ಮನೆಯಾಕೆ ನಲ್ಲಿಯ ಹತ್ತಿರ ಸಪ್ಪಗೆ ನಿಂತಿದ್ದಾಗ ಹೋಗಿ “ನಿನ್ನ ಸೆಲ್ ಇಳದಾವೇನವಾ?” ಎಂದು ಕೇಳಿದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಪ್ರಜ್ಞಾಳಿಗೆ, “ಮುದುಕೀನ ಒಬ್ಬಾಕಿನ್ನ ಬಿಡಬ್ಯಾಡ, ತಲಿ ಕೆಟ್ಟಂಗ ಕಾಣ್ತದ” ಎಂದಳಂತೆ. ನಾನು ಜನರಿಗೆ ಹಂಚಿದ್ದ ಮಾತು ಸುತ್ತಾಡಿ ನನ್ನ ಬಾಗಿಲಿಗೇ ಬಂದಿತ್ತು.

ಆ ಜಂಬದಲ್ಲಿ ನನ್ನ ಮೂಗಿನ ಕೆಳಗಿನದು ನನಗೆ ಕಾಣಲಿಲ್ಲ. ಎಲ್ಲರೂ ಸೆಲ್ಲು ಹಿಡಿಯುತ್ತಿದ್ದರು, ಪ್ರಜ್ಞಾ ಹಿಡಿಯುತ್ತಿರಲಿಲ್ಲ. ಎಲ್ಲರದೂ ಕೇಳಿ, ಬಾಗಿಲವರೆಗೆ ಕಳಿಸಿ, ಬೇಕಾದವರನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿ, ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಎರಡು ರೊಟ್ಟಿ ತಿನ್ನುವವಳು ಅರ್ಧಕ್ಕೆ ಬಂದಳು. ತೆಳ್ಳಗಾಗಲು ಊಟ ಬಿಟ್ಟಿದ್ದಾಳೆಂದು ತಿಳಿದು ನಾನು ಬೈದೆ. ಅವಳ ಬೂಷ್ಟು ಬೆಳೆಯುತ್ತಿರಲಿಲ್ಲ. ಗೈಡ್ ಸರ್ ಅವಳು ಬರೆದುಕೊಟ್ಟದ್ದನ್ನು ಮತ್ತೆ ಬರೆ ಎಂದು ವಾಪಸು ಕೊಟ್ಟಿದ್ದರು. ಅದನ್ನೂ ನನಗೆ ಹೇಳಿದ್ದು ಅಶ್ವಿನಿ, ಅವಳಲ್ಲ. ಕೊನೆಗೆ ಡಿಪಾರ್ಟ್‌ಮೆಂಟಿಗೆ ಹೋಗುವುದನ್ನೇ ನಿಲ್ಲಿಸಿ ಜ್ವರ ಎಂದಳು. ಹಣೆ ಮುಟ್ಟಿದರೆ ತಣ್ಣಗಿತ್ತು. ಕಷಾಯ ಕುಡಿಸಿದೆ, ಬಾಗಿಲ ಹಿಂದೆ ನಿಂತು ಉಪ್ಪು ಮೆಣಸಿನಕಾಯಿಯನ್ನೂ ಇಳಿಸಿದೆ. ಮೆಣಸಿನಕಾಯಿಯ ಘಾಟಿಗೆ ಇಬ್ಬರೂ ಕೆಮ್ಮಿದೆವು. ಬೇರೆ ಗುಣವೇನೂ ಕಾಣಲಿಲ್ಲ.

ಮುಂದಿನ ಬುಧವಾರ ಮಧ್ಯಾಹ್ನ ನಾನು ಮಾಳಿಗೆಯಲ್ಲಿ ಒಣಹಾಕಿದ್ದ ಶೇಂಗಾ ಬಾಚಿಕೊಂಡು ಒಳಗೆ ಬಂದರೆ ಅವಳು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು. ಪುಸ್ತಕಗಳೆಲ್ಲ ಶೆಲ್ಫಿನಲ್ಲೇ ಇದ್ದವು.

“ಎಲ್ಲಿಗಿ ಬೇ?”

“ಊರಿಗಿ. ಬುಧವಾರದೋರಿಗಿ ಬರಬ್ಯಾಡ್ರಿ ಅಂತ ಮೆಸೇಜ್ ಹಾಕೀನಿ. ಸಾಕಾಯ್ತು ಆಯಿ, ನಾ ಬಿಡ್ತೀನಿ. ಯಾರಿಗೂ ಏನೂ ಹೇಳಬ್ಯಾಡ.”

ಯಾರಿಗೂ ಹೇಳಬೇಡ. ನನಗೆ ತಿಕ್ಕಿ ತೊಳೆದ ಆ ಡಬ್ಬಿ ನೆನಪಾಯಿತು. ಇವಳೂ ಹಾಗೇ ಹೊರಟಿದ್ದಾಳೆ. ಹಾಗೆ ಯಾರೂ ಹೋಗಬಾರದೆಂದು ಚಾಪೆ ಹಾಸಿದವಳು ತಾನೇ ಹಾಗೆ ಹೊರಟಿದ್ದಾಳೆ.

ನನ್ನ ಬಾಯಿಗೆ ಬಂದ ಮಾತುಗಳನ್ನು ಕೇಳಿ. ನಿನಗೇನ್ ಕಮ್ಮಿ? ನಿಮ್ಮಪ್ಪ ಮಂದಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ನಮ್ಮ ಓಣಿಯಲ್ಲಿ ಇಷ್ಟು ಓದಿದವರು ಯಾರಿದ್ದಾರೆ? ನಾನು ನಿನ್ನ ವಯಸ್ಸಿಗೆ ಮೂರು ಹೆತ್ತು ಕಳೆ ಕೀಳುತ್ತಿದ್ದೆ. ಇಂಥವು ನನ್ನ ಹತ್ತಿರ ಒಂದು ಗಾಡಿ ತುಂಬ ಇದ್ದವು, ಎಲ್ಲ ನಾಲಿಗೆಯ ತುದಿಗೆ ಬಂದು ನೂಕಾಡಿದವು. ಬಾಯಿ ತೆರೆದೆ. “ಚಾ ಉಕ್ಕತದ” ಎಂದು ಕೂಗುವವಳೇ ಬ್ಯಾಗಿನ ಮುಂದೆ ತಲೆ ಬಗ್ಗಿಸಿ ಕೂತಿದ್ದಳು. ಬೇರೆ ಯಾರೂ ಇರಲಿಲ್ಲ.

ನಾನೇ ಅಂದುಕೊಂಡೆ. ಜೋರಾಗಿಯೇ ಅಂದೆ: “ಚಾ ಉಕ್ಕತದ.”

ಅವಳು ತಲೆ ಎತ್ತಿದಳು. ಕಿಟಕಿಯಿಂದ ಒಂದು ಸೆಲ್ಲು ತಂದು ಅವಳ ಕೈಗೆ ಕೊಟ್ಟು ಎದುರಿಗೆ ಕೂತೆ.

ಸುಮ್ಮನೆ ಕೂಡುವುದು ಎಂಥ ಕೆಲಸವೆಂದು ಹೇಳುತ್ತೇನೆ ಕೇಳಿ. ಹೊಲದಲ್ಲಿ ಉದ್ದು ಕಿತ್ತಿದ್ದೇನೆ, ಕಲ್ಲು ಹೊತ್ತಿದ್ದೇನೆ, ಇಷ್ಟು ದಣಿದಿಲ್ಲ. ನಾಲಿಗೆ ತುರಿಸಿತು. ಮೊಣಕಾಲು ಜೋಮು ಹಿಡಿಯಿತು. ಗೋಡೆಯ ಹಲ್ಲಿ ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ಕೆಳಗೆ ಹಣ್ಣಿನ ಗಾಡಿಯವ ಕೂಗಿದ. ಸೀತಾಫಲ ಎಷ್ಟಕ್ಕೆಂದು ಕೇಳುವ ಆಸೆಯನ್ನು ಹಲ್ಲು ಕಚ್ಚಿ ತಡೆದೆ. ಗೊರಕೆ ಬರುತ್ತದೇನೋ ಎಂಬ ಹೆದರಿಕೆ ಬೇರೆ. ಪುಣ್ಯಕ್ಕೆ ಬರಲಿಲ್ಲ. ಪ್ರಜ್ಞಾ ಸೆಲ್ಲನ್ನು ಈ ಕೈಯಿಂದ ಆ ಕೈಗೆ ಹಾಕಿದಳು, ಆ ಕೈಯಿಂದ ಈ ಕೈಗೆ ಹಾಕಿದಳು. ಕೊನೆಗೆ ಅದನ್ನೇ ನೋಡುತ್ತ ಮಾತಾಡಿದಳು.

“ಬೂಷ್ಟ ಬೆಳೀಲಿಲ್ಲ ಅಂತ ಅಲ್ಲ ಆಯಿ. ಅದು ಇವತ್ತಲ್ಲ ನಾಳಿ ಬೆಳೀತದ. ಮುಂಜಾನಿ ಎದ್ದ ಕೂಡ್ಲೇ ಎದಿ ಮ್ಯಾಲ ಯಾರೋ ಕುಂತಂಗ ಆಗ್ತದ. ಡಿಪಾರ್ಟ್‌ಮೆಂಟಿನ ಬಾಗ್ಲಾ ಕಂಡ್ರ ಕಾಲು ಒಳಗ ಹೋಗಾಂಗಿಲ್ಲ. ಎಲ್ಲಾರೂ ತಮ್ಮದು ನನ್ನ ಹತ್ರ ಇಳಸಿ ಹೋಗ್ತಾರ. ನಾನೇ ಕುಂತು ಅತ್ರ ಅವ್ರು ಮತ್ತ ಯಾರ ಹತ್ರ ಹೋಗ್ಬೇಕು?”

ಗೊತ್ತಿಲ್ಲದಿದ್ದರೂ ಉತ್ತರ ಕೊಡುವುದು ನನ್ನ ಹಳೆಯ ಚಾಳಿ. ಅವತ್ತು ಕೊಡಲಿಲ್ಲ. ಅವಳು ಬಹಳ ಹೊತ್ತು ಮಾತಾಡಿದಳು, ಅತ್ತಳು, ಮತ್ತೆ ಮಾತಾಡಿದಳು. ಅದೆಲ್ಲ ಅವಳದು, ಇಲ್ಲಿ ಬರೆಯುವುದಿಲ್ಲ. ಎಲ್ಲ ಮುಗಿದು ಸೆಲ್ಲನ್ನು ಕೆಳಗಿಟ್ಟ ಮೇಲೆ ನಾನು ಒಂದೇ ಒಂದು ಮಾತು ಆಡಿದೆ: “ಎರಡು ರೊಟ್ಟಿ ತಿನ್ನು.”

“ಆಯಿ, ಕಾನೂನು ಮುರದಿ,” ಎಂದು ಮೂಗೊರೆಸಿಕೊಂಡು ಸ್ವಲ್ಪ ನಕ್ಕಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದಾಯಿತು. ಅಶ್ವಿನಿ, ಅವಳ ಹಿಂದೆ ಬಸವರಾಜ, ಅವನ ಹಿಂದೆ ಉಳಿದವರು.

“ಬರಬ್ಯಾಡ್ರಿ ಅಂತ ಮೆಸೇಜ್ ಹಾಕಿದ್ದೆನಲ್ಲ,” ಎಂದಳು ಪ್ರಜ್ಞಾ.

“ಅದಕ್ಕೇ ಬಂದೀವಿ,” ಎಂದಳು ಅಶ್ವಿನಿ. ಬ್ಯಾಗು ನೋಡಿದಳು, ನೆಲದ ಮೇಲಿನ ಸೆಲ್ಲು ನೋಡಿದಳು. ಏನೂ ಕೇಳದೆ ಪ್ರಜ್ಞಾಳ ಪಕ್ಕಕ್ಕೆ ಒತ್ತಿಕೊಂಡು ಕೂತಳು. ಬಸವರಾಜ ಮೊದಲ ಸಲ ಜೋಕು ಹೇಳಲಿಲ್ಲ. ನೇರ ಅಡುಗೆಮನೆಗೆ ಹೋಗಿ ತಾನೇ ಚಹಾ ಮಾಡಿಕೊಂಡು ಬಂದ. ಪಾತ್ರೆ ತೊಳೆದ ನೀರಿನಂತಿತ್ತು. ನಾನು ಪೂರಾ ಕುಡಿದೆ, ಏನೂ ಅನ್ನಲಿಲ್ಲ. ಒಂದೇ ದಿನ ಎಷ್ಟು ಸಲ ಬಾಯಿ ಮುಚ್ಚಿಕೊಂಡೆ ನೋಡಿ.

ಮರುದಿನ ಅಶ್ವಿನಿಯೇ ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ನಾನೂ ಬೆನ್ನು ಹತ್ತಿದೆ. ಎಷ್ಟೋ ಜನರನ್ನು ಆ ಬಾಗಿಲ ಒಳಗೆ ಕಳಿಸಿದ ಹುಡುಗಿ ತನ್ನ ಸರದಿ ಬಂದಾಗ ಚಪ್ಪಲಿಯ ಬಾರು ಹರಿದಿದೆ ಎಂದು ಹೊರಗೇ ನಿಂತಳು.

“ನನ್ನ ಇಲ್ಲಿಗಿ ಕರಕೊಂಡ್ ಬಂದಾಕಿ ಯಾರ್ ಬೇ?” ಎಂದಳು ಅಶ್ವಿನಿ. “ಬರಿಗಾಲಲ್ಲೇ ನಡಿ ಒಳಗ.”

ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಮಗನ ಕಥೆ ಶುರು ಮಾಡಿದಳು. “ಅವಗೇನ್ ಕಮ್ಮಿ” ಎನ್ನಲು ಹೋಗಿ ಕೆಮ್ಮಿದೆ.

ಆಮೇಲೆ ಎಲ್ಲ ಬೇಗ ಸರಿಹೋಯಿತೆಂದು ಹೇಳಿದರೆ ಸುಳ್ಳಾದೀತು. ಹೋಗಿ ಬಂದು ಮಾಡಿದಳು. ಕೆಲವು ವಾರ ಊರಲ್ಲಿದ್ದಳು, ಗುಳಿಗೆ ನುಂಗಿದಳು, ಮತ್ತೆ ಹೋದಳು. ಗೈಡ್ ಸರ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಸಿಡುಕುತ್ತಾರೆಂದುಕೊಂಡರೆ, “ಮೊದ್ಲೇ ಹೇಳ್ಬಾರದೇನಮ್ಮ” ಎಂದರಂತೆ. ಬೂಷ್ಟು ಕೊನೆಗೂ ಬೆಳೆಯಿತು. ಆ ಖುಷಿಗೆ ನಾನು ಹುಗ್ಗಿ ಮಾಡಿದೆ. ಬೂಷ್ಟಿಗೆ ಹುಗ್ಗಿ ಮಾಡಿದ ಮುದುಕಿ ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಈಗ ಅವಳು ಭಾಲ್ಕಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಥೀಸಿಸ್ಸು ಇನ್ನೂ ಮುಗಿದಿಲ್ಲ, ನೀವೂ ಕೇಳಬೇಡಿ. ಬೀದರಿನಲ್ಲಿ ಬುಧವಾರ ಈಗಲೂ ನಡೆಯುತ್ತದೆ, ಬಸವರಾಜನ ಖೋಲಿಯಲ್ಲಿ. ಚಹಾ ಈಗಲೂ ಹಾಗೇ ಇದೆಯಂತೆ. ಅಲ್ಲಿಗೆ ಹೊಸ ಸೆಲ್ಲು ಬಂದವು. ಬೀದರಿನ ಮನೆ ಖಾಲಿ ಮಾಡುವಾಗ ಹಳೆಯವೆರಡನ್ನು ನಾನು ಸೀರೆಯ ಗಂಟಿನಲ್ಲಿ ಕಟ್ಟಿ ತಂದೆ. ನೆನಪಿಗೆಂದಲ್ಲ, ಬಳಸದ ಸೆಲ್ಲು ಯಾಕೆ ಹಾಳಾಗಬೇಕೆಂದು. ಬ್ಯಾಟರಿಗೆ ಹಾಕಿ ಗೂಟಕ್ಕೆ ತೂಗುಹಾಕಿದ್ದೆ.

ಹಾಗೆ ತೂಗುಹಾಕಿದವೇ ಈಗ ಕಟ್ಟೆಯ ಮೇಲೆ ಬಿಳಿ ಪುಡಿ ಕಾರಿಕೊಂಡು ಕೂತಿದ್ದವು. ಉಗುರಿನಿಂದ ಕೆರೆದು ತೆಗೆದೆ. ಬಳಸಿದ್ದಕ್ಕಿಂತ ಸುಮ್ಮನೆ ಇಟ್ಟದ್ದಕ್ಕೇ ಕೆಟ್ಟಂತೆ ಕಂಡವು. ಎದುರುಮನೆಯ ಬಚ್ಚಲ ಕಾಲುವೆ ಕಣ್ಣಿಗೆ ಬಿತ್ತು. ಒಣಗಿ ಬಿರುಕು ಬಿಟ್ಟಿತ್ತು. ಮಳೆಗಾಲ ಕಳೆದ ಮೇಲೆ ಅಲ್ಲಿ ಒಂದು ಚೊಂಬು ನೀರೂ ಹರಿದಿಲ್ಲ. ಇಷ್ಟು ವರ್ಷ ನಾನು ಬೇಡಿಕೊಂಡದ್ದೂ ಅದನ್ನೇ. ಎಷ್ಟೋ ದಿನಗಳಿಂದ ಬೆಳಿಗ್ಗೆ ಎದ್ದು ಬಾಯಿ ತೊಳೆದು ಬಾಗಿಲಿಗೆ ಬಂದು ನಿಲ್ಲುತ್ತೇನೆ, ಗಂಟಲು ಸರಿಮಾಡಿಕೊಳ್ಳುತ್ತೇನೆ, ಒಳಗೆ ಹೋಗುತ್ತೇನೆ. ಊಟ ಸೇರುವುದಿಲ್ಲ. ಸೊಸೆಗೆ ಹೇಳಿಲ್ಲ, ಮಗನಿಗೆ ಹೇಳಿಲ್ಲ. ನನಗೇನ್ ಕಮ್ಮಿ?

ಸೊಸೆಯನ್ನು ಕರೆದು ಪ್ರಜ್ಞಾಳ ನಂಬರು ಒತ್ತಿಸಿದೆ.

“ಹೇಳು ಆಯಿ. ಏನಾಯ್ತು, ಈ ಹೊತ್ತಿನ್ಯಾಗ?”

“ಏನಿಲ್ಲ ಬೇ. ಬ್ಯಾಟ್ರಿ ಹತ್ತವಲ್ದು. ಸೆಲ್...” ಎಂದು ತಡವರಿಸಿದೆ. ಎಷ್ಟೋ ಮಕ್ಕಳು ನಗುನಗುತ್ತ ಆಡಿದ ಮಾತು ಅದು. ಸೊಸೆ ಅಲ್ಲೇ ನಿಂತಿದ್ದಳು. ನಿಂತರೆ ನಿಲ್ಲಲಿ.

“ನನ್ನ ಸೆಲ್ ಇಳದಾವ ಬೇ.”

ಫೋನಿನಲ್ಲಿ ಸದ್ದಿಲ್ಲ. ಲೈನು ಕಟ್ಟಾಯಿತೆಂದುಕೊಂಡೆ. “ಹಲೋ? ಹಲೋ? ಕೇಳ್ಲತ್ತಿಯೋ ಇಲ್ಲೋ? ಏನರ ಮಾತಾಡಬೇ!”

“ಚಾ ಉಕ್ಕತದ ಆಯಿ,” ಎಂದಳು ಆ ಕಡೆಯಿಂದ. “ನನ್ನ ಚಾ. ನೀ ಹೇಳು.”

ಸೊಸೆ ಸದ್ದಿಲ್ಲದೆ ಕಟ್ಟೆಯ ಇನ್ನೊಂದು ತುದಿಗೆ ಕೂತಳು. ನಾನು ಒಡೆದ ಸೆಲ್ಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಶುರು ಮಾಡಿದೆ: “ಎದುರು ಮನಿ ಗೌರಾಬಾಯಿ ಇದ್ದಳಲ್ಲ ಬೇ, ಆ ಬಾಯಿಬಡಕಿ...”